ಫ್ರೆಶ್‌ಆರ್‌ಎಸ್‌ಎಸ್: ಕನ್ನಡದ ಬ್ಲಾಗು, ಸುದ್ದಿ ಓದಲು ಎಷ್ಟು ಒಗ್ಗುತ್ತದೆ?

ಕನ್ನಡದ ಒಳ್ಳೆಯ ಬ್ಲಾಗುಗಳಲ್ಲಿ ಬಹಳಷ್ಟು ತಿಂಗಳಿಗೊಂದೋ ಎರಡೋ ಬರಹ ಬರುವಂಥವು. ಅವನ್ನು ದಿನಾ ತೆರೆದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಯಾರೋ ಹಂಚಿದ ಕೊಂಡಿ ಕಣ್ಣಿಗೆ ಬಿದ್ದರೆ ಓದುತ್ತೇವೆ, ಬೀಳದಿದ್ದರೆ ಆ ಬರಹ ಬಂದದ್ದೇ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ ಸುದ್ದಿತಾಣಗಳು; ಅಲ್ಲಿ ದಿನಕ್ಕೆ ಹತ್ತಾರು ಬರಹ, ಅದರಲ್ಲಿ ನಮಗೆ ಬೇಕಾದದ್ದು ನಾಲ್ಕೋ ಐದೋ. ಅಪರೂಪಕ್ಕೆ ಬರುವುದು ತಪ್ಪಿಹೋಗಬಾರದು, ರಾಶಿ ರಾಶಿ ಬರುವುದು ಮುಳುಗಿಸಬಾರದು. ತಾಣಗಳು ತಮ್ಮ ಹೊಸ ಬರಹಗಳ ಪಟ್ಟಿಯನ್ನು ‘ಫೀಡ್’ ಆಗಿ ಕೊಡುತ್ತವೆ; ಅವನ್ನೆಲ್ಲ ಒಂದೇ ಕಡೆ ತಂದು ತೋರಿಸುವ ಫೀಡ್ ರೀಡರ್ ಒಂದನ್ನು ಈ ಎರಡು ಅಳತೆಗೋಲಿನಿಂದಲೇ ಅಳೆಯಬೇಕು.

ಈ ಅಳತೆಗೆ ನಿಲ್ಲುವ ತಂತ್ರಾಂಶ ಫ್ರೆಶ್‌ಆರ್‌ಎಸ್‌ಎಸ್. 2012ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು. ಪಿಎಚ್‌ಪಿಯಲ್ಲಿ ಬರೆದದ್ದು, ಎಜಿಪಿಎಲ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮದೇ ಸರ್ವರಿನಲ್ಲೋ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲೋ ರಾಸ್ಪ್‌ಬೆರಿ ಪೈಯಲ್ಲೋ ನೀವೇ ಕೂರಿಸಿಕೊಳ್ಳಬೇಕು. ಆ ಶ್ರಮಕ್ಕೆ ಬೆಲೆ ಇದೆಯೇ ಎಂದರೆ, 30–40 ಫೀಡಿಗಿಂತ ಹೆಚ್ಚು ಓದುವವರಿಗೆ ಖಂಡಿತ ಇದೆ. ನಾಲ್ಕೈದು ಬ್ಲಾಗು ಮಾತ್ರ ಓದುವವರಿಗೆ ಇಷ್ಟೆಲ್ಲ ಬೇಕಿಲ್ಲ. ಇನೋರೀಡರ್, ಫೀಡ್ಲಿಯಂಥ ಸಿದ್ಧ ಸೇವೆಗಳ ಉಚಿತ ಖಾತೆಯೇ ಧಾರಾಳ.

ಕೂರಿಸಲು ಡಾಕರ್ ದಾರಿಯೇ ಹಗುರ; ಅದು ತಂತ್ರಾಂಶವನ್ನು ಬೇಕಾದ್ದೆಲ್ಲದರ ಜೊತೆ ಕಟ್ಟಿದ ‘ಇಮೇಜ್’ನಿಂದ ‘ಕಂಟೇನರ್’ ಎಂಬ ಬೇರೆಯದೇ ಪೆಟ್ಟಿಗೆಯಲ್ಲಿ ಓಡಿಸುತ್ತದೆ. ಅಧಿಕೃತ ಇಮೇಜ್ ಇಳಿಸಿ, ಕಂಟೇನರಿನ 80ನೇ ಪೋರ್ಟನ್ನು ಹೊರಗಿನ ಖಾಲಿ ಪೋರ್ಟಿಗೆ, ಹೇಳಿ 8080ಕ್ಕೆ, ಜೋಡಿಸಬೇಕು. ಒಳಗಿನ ‘ಡೇಟಾ’ ಮತ್ತು ‘ಎಕ್ಸ್‌ಟೆನ್ಶನ್ಸ್’ ಫೋಲ್ಡರುಗಳನ್ನು ಹೊರಗಿನ ಡಿಸ್ಕಿನ ಎರಡು ವಾಲ್ಯೂಮ್‌ಗಳಿಗೆ ಕಟ್ಟಬೇಕು. ‘ಡೇಟಾ’ ಕಟ್ಟುವುದನ್ನು ಮರೆತರೆ ಶುರುವಿನಲ್ಲಿ ಏನೂ ತಿಳಿಯುವುದಿಲ್ಲ, ಎಲ್ಲ ಸರಿಯಾಗಿಯೇ ಓಡುತ್ತದೆ. ಮೊದಲ ಸಲ ಹೊಸ ಆವೃತ್ತಿಗೆ ಏರಿಸಲು ಹಳೆಯ ಕಂಟೇನರ್ ತೆಗೆದಾಗ ಫೀಡುಗಳು, ಗುರುತು ಹಾಕಿದ ಬರಹಗಳು, ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಡೇಟಾಬೇಸಿಗೆ ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮೂರೂ ನಡೆಯುತ್ತವೆ. ಒಬ್ಬರೋ ಇಬ್ಬರೋ ಓದುವುದಾದರೆ ಎಸ್‌ಕ್ಯೂಲೈಟ್ ಆರಿಸಿ; ಬೇರೆ ಡೇಟಾಬೇಸ್ ಸರ್ವರ್ ಸಾಕುವ ಉಸಾಬರಿ ಇರುವುದಿಲ್ಲ.

ಸೆಟ್ಟಿಂಗುಗಳಂಥ ಇನ್ನೆರಡು ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಕೊಡದೆ ಕಂಟೇನರ್ ಓಡಿಸಬೇಡಿ. ಒಂದು ಸಮಯವಲಯ, ಅದಕ್ಕೆ ಏಷ್ಯಾ/ಕೋಲ್ಕತಾ. ಇನ್ನೊಂದು ‘ಕ್ರಾನ್ ಮಿನ್’ (CRON_MIN; ಕ್ರಾನ್ ಎಂದರೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ), ಅಂದರೆ ಗಂಟೆಯ ಯಾವ ಯಾವ ನಿಮಿಷಕ್ಕೆ ಫೀಡುಗಳನ್ನು ತರಬೇಕು ಎನ್ನುವುದು. ‘1,31’ ಎಂದು ಕೊಟ್ಟರೆ ಪ್ರತಿ ಗಂಟೆಯ 1ನೇ ಮತ್ತು 31ನೇ ನಿಮಿಷಕ್ಕೆ ಕೆಲಸ ನಡೆಯುತ್ತದೆ. ಇದನ್ನು ಬಿಟ್ಟರೆ ಫೀಡುಗಳು ತಾವಾಗಿ ಬರುವುದೇ ಇಲ್ಲ. ಪುಟ ತೆರೆದು ರಿಫ್ರೆಶ್ ಗುಂಡಿ ಒತ್ತಿದಾಗ ಮಾತ್ರ ಬರುತ್ತವೆ, ಹಾಗಾಗಿ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಎರಡು ದಿನ ಊರಿಗೆ ಹೋಗಿ ಬಂದ ಮೇಲೆ ನಡುವಿನ ಸುದ್ದಿ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಎಷ್ಟು ಹೊತ್ತಿಗೊಮ್ಮೆ ತರಬೇಕು ಎನ್ನುವುದಕ್ಕೆ ಒಂದು ಲೆಕ್ಕ ಇದೆ. ಫೀಡ್ ಎಂದರೆ ತಾಣದ ಪೂರ್ತಿ ಕಡತವಲ್ಲ, ಇತ್ತೀಚಿನ ಕೆಲವೇ ಬರಹಗಳ ಪಟ್ಟಿ. ವರ್ಡ್‌ಪ್ರೆಸ್ ತಾಣದ ಫೀಡಿನಲ್ಲಿ, ಯಾರೂ ಬದಲಿಸದಿದ್ದರೆ, ಕೊನೆಯ 10 ಬರಹ ಇರುತ್ತವೆ. ಬ್ಲಾಗರ್‌ನಲ್ಲಿ 25, ಯೂಟ್ಯೂಬ್ ಚಾನೆಲ್ಲಿನ ಫೀಡಿನಲ್ಲಿ 15. ಈಗ ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಒಂದು ಸುದ್ದಿತಾಣ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 64 ಸುದ್ದಿ ಹಾಕುತ್ತದೆ ಎಂದುಕೊಳ್ಳಿ. ಗಂಟೆಗೆ 4. ಹತ್ತು ಸುದ್ದಿಯ ಕಿಂಡಿ ಎರಡೂವರೆ ಗಂಟೆಯಲ್ಲಿ ಪೂರ್ತಿ ಬದಲಾಗುತ್ತದೆ. ನೀವು ಮೂರು ಗಂಟೆಗೊಮ್ಮೆ ತಂದರೆ ಪ್ರತಿ ಸಲ ಎರಡು ಸುದ್ದಿ ತಪ್ಪುತ್ತವೆ, ಮತ್ತು ತಪ್ಪಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಅದೇ ವಾರಕ್ಕೊಂದು ಬರಹದ ಬ್ಲಾಗರ್ ಬ್ಲಾಗಿನ 25ರ ಕಿಂಡಿ ಆರು ತಿಂಗಳು ಬಾಳುತ್ತದೆ. ಅದನ್ನು ದಿನಕ್ಕೊಮ್ಮೆ ಕೇಳಿದರೂ ಹೆಚ್ಚೇ.

ಫ್ರೆಶ್‌ಆರ್‌ಎಸ್‌ಎಸ್ ಇಲ್ಲಿ ತೂಕದ ಕೆಲಸ ಮಾಡಿದೆ. ಪ್ರತಿ ಫೀಡಿಗೂ ‘ಇದಕ್ಕಿಂತ ಬೇಗ ತರಬೇಡ’ ಎಂಬ ಮಿತಿಯನ್ನು ಬೇರೆ ಬೇರೆಯಾಗಿ ಇಡಬಹುದು. ತಾನಾಗಿ ಇರುವುದು 1 ಗಂಟೆ. ಹೆಚ್ಚಿನವರು ಎಡವುವುದೂ ಇಲ್ಲೇ: ಕ್ರಾನ್ ಅರ್ಧ ಗಂಟೆಗೊಮ್ಮೆ ಓಡುತ್ತಿದ್ದರೂ ಫೀಡಿನ ಮಿತಿ 1 ಗಂಟೆ ಇದ್ದರೆ ಅದು ಗಂಟೆಗೊಮ್ಮೆಯೇ ಬರುತ್ತದೆ, ಮಿತಿಯನ್ನು 20 ನಿಮಿಷಕ್ಕೆ ಇಳಿಸಿದರೂ ಕ್ರಾನ್ ಅರ್ಧ ಗಂಟೆಗೊಮ್ಮೆ ಎದ್ದರೆ ಅರ್ಧ ಗಂಟೆಗೇ ಬರುತ್ತದೆ. ಎರಡರಲ್ಲಿ ನಿಧಾನದ್ದೇ ಗೆಲ್ಲುತ್ತದೆ. ಸುದ್ದಿತಾಣಗಳಿಗೆ 30 ನಿಮಿಷ, ಬ್ಲಾಗುಗಳಿಗೆ 12 ಅಥವಾ 24 ಗಂಟೆ ಇಟ್ಟರೆ ಯಾರಿಗೂ ಹೊರೆಯಾಗುವುದಿಲ್ಲ. ಎಲ್ಲವನ್ನೂ 15 ನಿಮಿಷಕ್ಕಿಟ್ಟು ಅಗ್ಗದ ಹೋಸ್ಟಿಂಗಿನಲ್ಲಿ ನಡೆಯುವ ಸಣ್ಣ ಬ್ಲಾಗಿನ ಬಾಗಿಲನ್ನು ದಿನಕ್ಕೆ 96 ಸಲ ತಟ್ಟುವುದು ಸರಿಯಲ್ಲ. ಕೆಲವು ಸರ್ವರುಗಳು 429 (ಕೋರಿಕೆ ಅತಿಯಾಯಿತು) ಎಂಬ ಉತ್ತರ ಕೊಟ್ಟು ನಿಮ್ಮನ್ನು ಹೊರಗಿಡುತ್ತವೆ, ಹಾಗಿಡುವುದು ನ್ಯಾಯವೇ.

ಹಾಗೆಯೇ ಹಳತನ್ನು ಅಳಿಸುವ ನಿಯಮವನ್ನೂ ಮೊದಲ ದಿನವೇ ನೋಡಿಕೊಳ್ಳಿ. ತಾನಾಗಿ ಇರುವ ನಿಯಮ ಸುಮಾರು ಮೂರು ತಿಂಗಳು, ಫೀಡಿಗೆ 200 ಬರಹ ಎಂಬಂಥದ್ದು. ನೆಚ್ಚಿನದೆಂದು ನಕ್ಷತ್ರ ಹಾಕಿದ್ದು, ಲೇಬಲ್ ಅಂಟಿಸಿದ್ದು ಉಳಿಯುತ್ತವೆ. ಆದರೆ ಓದದೆ ಬಿಟ್ಟದ್ದನ್ನು ಉಳಿಸಬೇಕೆಂದರೆ ಸೆಟ್ಟಿಂಗಿನಲ್ಲಿ ಅದರ ಚೌಕಕ್ಕೂ ಗುರುತು ಹಾಕಬೇಕು. ಬ್ಲಾಗುಗಳ ವಿಭಾಗಕ್ಕೆ ‘ಎಂದೂ ಅಳಿಸಬೇಡ’ ಎಂದಿಡುವುದು ಒಳ್ಳೆಯದು. ಬರಹ ಅಂದರೆ ಬರಿಯ ಪಠ್ಯ, ಜಾಗ ತಿನ್ನುವುದು ಅತ್ಯಲ್ಪ. ಕನ್ನಡದಲ್ಲಿ ಡೊಮೇನ್ ನವೀಕರಿಸದೆ ಮುಚ್ಚಿಹೋದ ಬ್ಲಾಗುಗಳು ಕಡಮೆಯೇನಲ್ಲ. ಅಂಥ ಬರಹದ ಉಳಿದಿರುವ ಪ್ರತಿ ನಿಮ್ಮ ರೀಡರಿನಲ್ಲಿರುವುದೊಂದೇ ಆಗಿರಬಹುದು.

ಇನ್ನು ರಾಶಿಯನ್ನು ಸೋಸುವ ಕೆಲಸ. ಪ್ರತಿ ಫೀಡಿನ ಸೆಟ್ಟಿಂಗಿನಲ್ಲಿ ‘ಫಿಲ್ಟರ್ ಆ್ಯಕ್ಷನ್ಸ್’ ಎಂಬ ಚೌಕ ಇದೆ. ಸಾಲಿಗೊಂದರಂತೆ ನಿಯಮ ಬರೆದರೆ, ಅದಕ್ಕೆ ಹೊಂದುವ ಬರಹಗಳು ಬಂದ ಕೂಡಲೇ ‘ಓದಿದ್ದು’ ಎಂದು ಗುರುತಾಗಿ ಕಣ್ಣಿಂದ ಮರೆಯಾಗುತ್ತವೆ. ಅಳಿಸಿಹೋಗುವುದಿಲ್ಲ, ಬೇಕೆಂದಾಗ ಹುಡುಕಿ ತೆಗೆಯಬಹುದು. ಇಂಗ್ಲಿಷಿನಲ್ಲಿ ‘ಇನ್‌ಟೈಟಲ್’ ಎಂದು ಬರೆದು ಕೋಲನ್ ಹಾಕಿ ಪದ ಕೊಟ್ಟರೆ ತಲೆಬರಹದಲ್ಲಿ ಮಾತ್ರ ಹುಡುಕುತ್ತದೆ.

ಕನ್ನಡದಲ್ಲಿ ಈ ಸೋಸುವಿಕೆಗೆ ಅದರದೇ ಆದ ಬಲ ಇದೆ, ತೊಡಕೂ ಇದೆ. ಹುಡುಕಾಟ ಪದದ ತುಣುಕಿಗೂ ಹೊಂದುತ್ತದೆ. ಹಾಗಾಗಿ ವಿಭಕ್ತಿ ಪ್ರತ್ಯಯಗಳ ಚಿಂತೆ ಬೇಡ: ‘ಮಳೆ’ ಎಂದು ಕೊಟ್ಟರೆ ಮಳೆಯ, ಮಳೆಗೆ, ಮಳೆಯಿಂದ ಎಲ್ಲವೂ ಸಿಗುತ್ತವೆ. ಆದರೆ ‘ಬೆಂಗಳೂರು’ ಎಂದು ಕೊಟ್ಟರೆ ‘ಬೆಂಗಳೂರಿನಲ್ಲಿ’ ಸಿಗುವುದಿಲ್ಲ, ಏಕೆಂದರೆ ಒಂದರಲ್ಲಿ ರಕಾರಕ್ಕೆ ಕೊಂಬು ಅಂಟಿದೆ, ಇನ್ನೊಂದರಲ್ಲಿ ಗುಡಿಸು. ಕೊನೆಯ ಸ್ವರಚಿಹ್ನೆ ಬಿಟ್ಟು ‘ಬೆಂಗಳೂರ’ ಎಂದು ನಿಲ್ಲಿಸಿದರೆ ಎರಡೂ ಬಲೆಗೆ ಬೀಳುತ್ತವೆ. ಮೈಸೂರು, ಮಂಗಳೂರು, ತುಮಕೂರು, ಉಕಾರಾಂತವಾದ ಎಲ್ಲ ಊರಿಗೂ ಇದೇ ಉಪಾಯ.

ತುಣುಕು ಹುಡುಕಾಟ ಎಡವಟ್ಟನ್ನೂ ಮಾಡುತ್ತದೆ. ದಿನಭವಿಷ್ಯ ಬೇಡ ಎನ್ನುವವರು ‘ರಾಶಿ’ ಎಂದು ಸೋಸಿದರೆ ಕಸದ ರಾಶಿಯ ಸುದ್ದಿಯೂ ಕಣದ ರಾಶಿ ಪೂಜೆಯೂ ಹೋಗುತ್ತವೆ. ‘ಭವಿಷ್ಯ’ ಎಂದರೆ ಭವಿಷ್ಯ ನಿಧಿಯ ಸುದ್ದಿ ಹೋಗುತ್ತದೆ. ‘ರಾಶಿ ಭವಿಷ್ಯ’ ಎಂದು ಬಿಡಿಸಿ ಬರೆಯುವವರಿದ್ದಾರೆ, ‘ರಾಶಿಭವಿಷ್ಯ’ ಎಂದು ಕೂಡಿಸುವವರಿದ್ದಾರೆ. ಎರಡನ್ನೂ, ಬಿಡಿಸಿದ್ದನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಎರಡು ಸಾಲಾಗಿ ಬರೆಯಿರಿ.

ಎಲ್ಲ ಸರಿ ಬರೆದರೂ ಪದ ಹೊಂದದಿದ್ದರೆ ತಪ್ಪು ಬೆರಳಚ್ಚಿನ ಮಟ್ಟದಲ್ಲಿರುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಹಾಕುವುದು. ‘ಬೆಂಗಳೂರು’, ‘ಬೆ೦ಗಳೂರು’ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎರಡನೆಯದು ಅರ್ಕಾವತ್ತು: ‘ಸರ್ಕಾರ’ವನ್ನು ಅರ್ಕಾವತ್ತಿನಲ್ಲಿ ತೋರಿಸುವುದಕ್ಕೂ ರಕಾರದ ಕೆಳಗೆ ಒತ್ತಕ್ಷರ ಬರುವಂತೆ ತೋರಿಸುವುದಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ಸೇರಿಕೊಂಡಿರುತ್ತದೆ. ಮೂರನೆಯದು ಓಕಾರದಂಥ ಸ್ವರಚಿಹ್ನೆಗಳು. ಯೂನಿಕೋಡಿನಲ್ಲಿ ‘ೋ’ ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ತುಂಡಾಗಿಯೂ ಬರಬಹುದು. ಉಪಾಯ ಒಂದೇ: ಸೋಸಬೇಕಾದ ಪದವನ್ನು ನೀವೇ ಬೆರಳಚ್ಚಿಸದೆ ಆ ಫೀಡಿನ ತಲೆಬರಹದಿಂದಲೇ ನಕಲಿಸಿ ಅಂಟಿಸಿ. ಪ್ರತಿ ತಾಣವೂ ತನ್ನದೇ ಕೀಲಿಮಣೆಯ ಅಭ್ಯಾಸಕ್ಕೆ ಕಟ್ಟುಬಿದ್ದಿರುವುದರಿಂದ ಒಂದು ಸಲ ನಕಲಿಸಿದ ಪದ ಆ ಫೀಡಿನಲ್ಲಿ ಮುಂದೆಯೂ ಬಹುಮಟ್ಟಿಗೆ ಹೊಂದುತ್ತದೆ.

ಫೀಡೇ ಕೆಟ್ಟಿದ್ದರೆ ರೀಡರ್ ಪಾಪ ಏನು ಮಾಡೀತು? ಎಚ್ಚರಿಕೆ ಚಿಹ್ನೆ ಬಂದ ಫೀಡುಗಳ ಕಾರಣ ಹೆಚ್ಚಾಗಿ ಇವುಗಳಲ್ಲೊಂದು. ಎಕ್ಸ್‌ಎಂಎಲ್ ಘೋಷಣೆಯ (ಫೀಡು ಬರೆದಿರುವ ಭಾಷೆಯನ್ನು ಹೇಳುವ ಮೊದಲ ಸಾಲಿನ) ಮೊದಲು ಒಂದು ಖಾಲಿ ಸಾಲು ನುಸುಳಿರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಯಾವುದೋ ಪ್ಲಗಿನ್ನಿನ ಅಥವಾ ಥೀಮಿನ ಪಿಎಚ್‌ಪಿ ಕಡತದ ಕೊನೆಯ ಖಾಲಿ ಸಾಲು ಅದಕ್ಕೆ ಮೂಲ. ಪುಟವಿನ್ಯಾಸದ ತಂತ್ರಾಂಶದಿಂದ ನಕಲಿಸಿದ ಪಠ್ಯದ ಜೊತೆ ಕಾಣದ ನಿಯಂತ್ರಣಾಕ್ಷರ ಬಂದಿರುತ್ತದೆ. ಎಕ್ಸ್‌ಎಂಎಲ್ ಅದನ್ನು ಒಪ್ಪುವುದಿಲ್ಲ, ಒಂದು ಅಕ್ಷರಕ್ಕೆ ಇಡೀ ಫೀಡು ನಿಲ್ಲುತ್ತದೆ. 403 ಬಂದರೆ ತಾಣದ ಮುಂದಿರುವ ರಕ್ಷಣಾ ಸೇವೆ ನಿಮ್ಮ ಸರ್ವರನ್ನು ಬಾಟ್ ಎಂದು ತಡೆದಿದೆ. ತಪ್ಪು ಎಲ್ಲಿದೆ ಎಂದು ಸಾಲಿನ ಸಂಖ್ಯೆ ಸಮೇತ ತಿಳಿಯಲು ಡಬ್ಲ್ಯು3ಸಿಯ ಫೀಡ್ ವ್ಯಾಲಿಡೇಟರಿಗೆ (ಫೀಡು ಪರೀಕ್ಷಿಸುವ ತಾಣಕ್ಕೆ) ವಿಳಾಸ ಕೊಟ್ಟು ನೋಡಿ, ಅದು ತೋರಿಸಿದ ಸಾಲನ್ನೇ ಬ್ಲಾಗಿನವರಿಗೆ ಕಳಿಸಿಕೊಡಿ. ‘ನಿಮ್ಮ ಫೀಡ್ ಕೆಲಸ ಮಾಡುತ್ತಿಲ್ಲ’ ಎನ್ನುವ ದೂರಿಗಿಂತ ಅದು ಹತ್ತು ಪಾಲು ಉಪಯೋಗ.

ಸಮಯದ ತಪ್ಪೂ ಹೀಗೆಯೇ ಬರುತ್ತದೆ. ಭಾರತೀಯ ಸಮಯವನ್ನೇ ಬರೆದು ಅದರ ಮುಂದೆ ಜಿಎಂಟಿ ಎಂದು ಅಂಟಿಸುವ ತಾಣಗಳಿವೆ. ಬೆಳಿಗ್ಗೆ 10ಕ್ಕೆ ಬಂದ ಸುದ್ದಿ ಆಗ ಮಧ್ಯಾಹ್ನ 3:30ರದ್ದಾಗಿ ಕಾಣುತ್ತದೆ, ಅಂದರೆ ಇನ್ನೂ ಬಾರದ ಹೊತ್ತಿನ ಸುದ್ದಿ. ಪ್ರಕಟಣೆಯ ವೇಳೆಯಂತೆ ಜೋಡಿಸುವ ರೀಡರುಗಳಲ್ಲಿ ಇಂಥವು ಇಡೀ ದಿನ ಮೇಲೇ ಕೂತಿರುತ್ತವೆ. ಫ್ರೆಶ್‌ಆರ್‌ಎಸ್‌ಎಸ್ ತಾನಾಗಿ ಜೋಡಿಸುವುದು ಬರಹ ತನ್ನ ಕೈಗೆ ಬಂದ ಕ್ರಮದಲ್ಲಿ. ಮೊದಮೊದಲು ಇದು ವಿಚಿತ್ರ ಅನ್ನಿಸಿದರೂ ನಮ್ಮ ತಾಣಗಳ ಮಟ್ಟಿಗೆ ಇದೇ ಸರಿಯಾದ ಆಯ್ಕೆ.

ಒಂದು ದಿನ ಇದ್ದಕ್ಕಿದ್ದಂತೆ ಹಳೆಯ ಬರಹಗಳೆಲ್ಲ ಹೊಸದಾಗಿ ಬಂದು ಬಿದ್ದರೆ ಗಾಬರಿ ಬೇಡ. ಪ್ರತಿ ಬರಹಕ್ಕೂ ಫೀಡಿನೊಳಗೆ ಒಂದು ಗುರುತಿನ ಸಂಕೇತ ಇರುತ್ತದೆ, ರೀಡರ್ ಅದನ್ನು ನೋಡಿಯೇ ಹೊಸದು ಹಳತು ತೀರ್ಮಾನಿಸುತ್ತದೆ. ತಾಣದವರು ಡೊಮೇನ್ ಬದಲಿಸುವಾಗ ಡೇಟಾಬೇಸಿನಲ್ಲಿ ಹಳೆಯ ವಿಳಾಸ ಇರುವ ಕಡೆಯೆಲ್ಲ ಹೊಸದನ್ನು ತುಂಬಿದರೆ ಈ ಗುರುತೂ ಬದಲಾಗುತ್ತದೆ. ಬ್ಲಾಗು ನಡೆಸುವವರು ಗುರುತಿನ ಆ ಅಂಕಣವನ್ನು ಮಾತ್ರ ಮುಟ್ಟದೆ ಬಿಡಬೇಕು. ಅವರಿಗೇ ಇನ್ನೊಂದು ಮಾತು: ವರ್ಡ್‌ಪ್ರೆಸ್ ಕನ್ನಡ ತಲೆಬರಹದಿಂದ ಕೊಂಡಿ ಮಾಡುವಾಗ ಒಂದೊಂದು ಕನ್ನಡ ಸಂಕೇತಕ್ಕೂ 9 ಅಕ್ಷರ ಖರ್ಚಾಗುತ್ತದೆ, ಮಿತಿ ಇರುವುದು 200. ಅಲ್ಲಿಗೆ 22 ಸಂಕೇತಕ್ಕೆ ಕೊಂಡಿ ತುಂಡಾಗುತ್ತದೆ. ಕೊಂಡಿಯನ್ನು ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಪದದಷ್ಟು ಚಿಕ್ಕದಾಗಿ ನೀವೇ ಬರೆದುಕೊಟ್ಟರೆ ಈ ತೊಂದರೆಯೇ ಇಲ್ಲ.

ಫೀಡಿನಲ್ಲಿ ಎರಡು ಸಾಲಿನ ತುಣುಕು ಮಾತ್ರ ಕೊಡುವ ತಾಣಗಳಿಗೆ ಫ್ರೆಶ್‌ಆರ್‌ಎಸ್‌ಎಸ್‌ನಲ್ಲಿ ಮದ್ದಿದೆ. ಬ್ರೌಸರಿನಲ್ಲಿ ಬರಹದ ಮೇಲೆ ಬಲಗುಂಡಿ ಒತ್ತಿ ‘ಇನ್ಸ್‌ಪೆಕ್ಟ್’ ಆರಿಸಿ, ಪೂರ್ತಿ ಪಠ್ಯವನ್ನು ಸುತ್ತಿರುವ ಡಿವ್‌ನ ಕ್ಲಾಸ್ ಹೆಸರು ನೋಡಿಕೊಳ್ಳಿ. ಆ ಹೆಸರಿನ ಮೊದಲಿಗೆ ಚುಕ್ಕಿ ಸೇರಿಸಿ ಅದನ್ನು ಫೀಡಿನ ಸಿಎಸ್‌ಎಸ್ ಸೆಲೆಕ್ಟರ್ ಜಾಗದಲ್ಲಿ ಹಾಕಿ, ಪಕ್ಕದ ಕಣ್ಣಿನ ಗುಂಡಿಯಿಂದ ಮುನ್ನೋಟ ನೋಡಿ. ಜಾಹೀರಾತು, ‘ಇದನ್ನೂ ಓದಿ’ ಕೊಂಡಿಗಳು ಸೇರಿಬಂದರೆ ತೆಗೆದುಹಾಕಬೇಕಾದ ಭಾಗಗಳ ಸೆಲೆಕ್ಟರನ್ನೂ ಕೊಡಬಹುದು. ಇದು ಹೊಸ ಬರಹಗಳಿಗೆ ಮಾತ್ರ ತಾನಾಗಿ ಅನ್ವಯಿಸುತ್ತದೆ. ಹಳೆಯವಕ್ಕೆ ‘ರೀಲೋಡ್ ಆರ್ಟಿಕಲ್ಸ್’ ಒತ್ತಬೇಕು. ಒಂದೊಂದು ಬರಹಕ್ಕೂ ತಾಣಕ್ಕೆ ಒಂದೊಂದು ಕೋರಿಕೆ ಹೋಗುವುದರಿಂದ ಬೇಕಾದ ಫೀಡಿಗಷ್ಟೇ ಹಾಕಿ. ತಾಣದ ವಿನ್ಯಾಸ ಬದಲಾದ ದಿನ ಇದು ಸದ್ದಿಲ್ಲದೆ ಮುರಿಯುತ್ತದೆ ಎನ್ನುವುದು ನೆನಪಿರಲಿ.

ಫೀಡೇ ಇಲ್ಲದ ತಾಣಕ್ಕೂ ಎಕ್ಸ್‌ಪಾತ್ (ಪುಟದೊಳಗಿನ ಜಾಗವನ್ನು ತೋರಿಸುವ ಬರವಣಿಗೆ) ಬಳಸಿ ಫೀಡು ಕಟ್ಟಿಕೊಳ್ಳಬಹುದು. ಸುದ್ದಿಯ ಪಟ್ಟಿ ಎಲ್ಲಿದೆ, ಅದರೊಳಗೆ ತಲೆಬರಹ ಎಲ್ಲಿದೆ, ಕೊಂಡಿ ಎಲ್ಲಿದೆ ಎಂದು ಮೂರು ದಾರಿ ಹೇಳಿಕೊಟ್ಟರೆ ಸಾಕು. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿದ ಮೇಲಷ್ಟೇ ಸುದ್ದಿ ಮೂಡುವ ಪುಟಗಳಲ್ಲಿ ಇದು ನಡೆಯುವುದಿಲ್ಲ. ಪುಟದ ಮೂಲವನ್ನು ತೆರೆದು ಅಲ್ಲಿ ತಲೆಬರಹ ಸಿಗುತ್ತದೆಯೇ ನೋಡಿಕೊಂಡು ಆಮೇಲೆ ಕೈಹಾಕಿ. ಫೀಡಿಲ್ಲ ಎಂದುಕೊಂಡ ಎಷ್ಟೋ ಕಡೆ ಅದು ಇದ್ದೇ ಇರುತ್ತದೆ: ವರ್ಡ್‌ಪ್ರೆಸ್ ತಾಣವಾದರೆ ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ ‘ಫೀಡ್’ ಎಂದು ಸೇರಿಸಿ, ಒಂದು ವಿಭಾಗದ ವಿಳಾಸದ ಕೊನೆಗೆ ಸೇರಿಸಿದರೆ ಆ ವಿಭಾಗದ್ದು ಮಾತ್ರ ಬರುತ್ತದೆ. ಕನ್ನಡ ವಿಕಿಪೀಡಿಯದ ಯಾವುದೇ ಲೇಖನದ ಇತಿಹಾಸ ಪುಟದಲ್ಲಿ ಆಟಮ್ ಫೀಡಿನ ಕೊಂಡಿ ಇದೆ. ನಿಮ್ಮೂರಿನ ಲೇಖನವನ್ನು ಯಾರಾದರೂ ತಿದ್ದಿದ್ದು ಮರುಗಳಿಗೆಯಲ್ಲದಿದ್ದರೂ ಮರುದಿನ ನಿಮಗೆ ಗೊತ್ತಾಗುತ್ತದೆ.

ಓದುವ ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡಲು ಅಂಥ ಚೆಂದವಲ್ಲ, ಆದರೆ ಚುರುಕಾಗಿದೆ. ಕನ್ನಡಕ್ಕೆ ಸಾಲುಗಳ ನಡುವಿನ ಜಾಗ ಸಾಲದು, ಒತ್ತಕ್ಷರಗಳು ಇಕ್ಕಟ್ಟಾಗಿ ಕಾಣುತ್ತವೆ. ಜೊತೆಗೇ ಬರುವ ‘ಯೂಸರ್ ಸಿಎಸ್‌ಎಸ್’ ಎಕ್ಸ್‌ಟೆನ್ಶನ್ ಚಾಲೂ ಮಾಡಿ ಬರಹದ ಭಾಗಕ್ಕೆ ಸಾಲಿನ ಎತ್ತರ 1.7, ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಎಂದು ಕೊಟ್ಟರೆ ಓದು ಹಿತವಾಗುತ್ತದೆ. ಜೆ, ಕೆ ಒತ್ತಿ ಮುಂದಕ್ಕೆ ಹಿಂದಕ್ಕೆ ಹೋಗುವ ಶಾರ್ಟ್‌ಕಟ್‌ಗಳು ಸ್ಪಂದಿಸದಿದ್ದರೆ ಕೀಲಿಮಣೆ ಕನ್ನಡದಲ್ಲಿ ಉಳಿದಿದೆಯೇ ನೋಡಿ.

ಮೊಬೈಲಿಗೆ ಅದರದೇ ಆ್ಯಪ್ ಇಲ್ಲ, ಆದರೆ ಅದೊಂದು ಕೊರತೆಯೇ ಅಲ್ಲ. ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಅದಕ್ಕೆಂದು ರೂಪುಗೊಂಡ ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ವಿಧಾನ) ಮಾತ್ರ ಇವತ್ತಿಗೂ ರೀಡರುಗಳ ನಡುವಿನ ಸಾಮಾನ್ಯ ಭಾಷೆಯಾಗಿ ಉಳಿದಿದೆ. ಫ್ರೆಶ್‌ಆರ್‌ಎಸ್‌ಎಸ್ ಅದನ್ನು ಆಡುತ್ತದೆ. ಐಫೋನಿನಲ್ಲಿ ನೆಟ್‌ನ್ಯೂಸ್‌ವೈರ್, ಆ್ಯಂಡ್ರಾಯ್ಡಿನಲ್ಲಿ ರೀಡ್‌ರಾಪ್ಸ್ ಅಥವಾ ಫೀಡ್‌ಮಿ ಹಾಕಿಕೊಂಡು ಇದಕ್ಕೆ ಜೋಡಿಸಿ. ಬಸ್ಸಿನಲ್ಲಿ ನೆಟ್ ಇಲ್ಲದಾಗಲೂ ಇಳಿಸಿಟ್ಟದ್ದನ್ನು ಓದಬಹುದು. ಜೋಡಿಸುವ ಮೊದಲು ಅಥೆಂಟಿಕೇಶನ್ ಪುಟದಲ್ಲಿ ಎಪಿಐಗೆ ಅನುಮತಿ ಕೊಡಬೇಕು, ಪ್ರೊಫೈಲ್ ಪುಟದಲ್ಲಿ ಎಪಿಐಗೇ ಬೇರೆ ಗುಪ್ತಪದ ಇಡಬೇಕು. ಲಾಗಿನ್ ಗುಪ್ತಪದವನ್ನೇ ಆ್ಯಪಿಗೆ ಕೊಟ್ಟು ‘ತಪ್ಪು’ ಎನ್ನಿಸಿಕೊಳ್ಳುವವರು ಬಹಳ. ಎಪಿಐ ಪುಟದಲ್ಲೇ ಪರೀಕ್ಷೆಯ ಫಲಿತಾಂಶ ಕಾಣುತ್ತದೆ. ಅಲ್ಲಿ ‘ಪಾಸ್’ ಎಂದಿಲ್ಲದಿದ್ದರೆ ತಂತ್ರಾಂಶವನ್ನು ಬೈಯುವ ಮೊದಲು ಮುಂದಿರುವ ವೆಬ್ ಸರ್ವರಿನ ಕಾನ್ಫಿಗರೇಶನ್ ನೋಡಿ: ಅದು ಆಥರೈಸೇಶನ್ ಹೆಡರನ್ನು ಒಳಗೆ ಬಿಡುತ್ತಿರುವುದಿಲ್ಲ, ಇಲ್ಲವೇ ವಿಳಾಸದೊಳಗಿನ ಸಂಕೇತಗೊಂಡ ಸ್ಲ್ಯಾಶನ್ನು ಬಿಡಿಸಿಹಾಕುತ್ತಿರುತ್ತದೆ.

ಈ ತಂತ್ರಾಂಶದ ಅತಿ ಬೆಲೆಬಾಳುವ ಸೌಲಭ್ಯ ಮಾತ್ರ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿದೆ. ಒಂದು ಹುಡುಕಾಟವನ್ನು ‘ಯೂಸರ್ ಕ್ವೆರಿ’ ಎಂದು ಉಳಿಸಿ, ಹಂಚಿಕೆಗೆ ಅನುಮತಿ ಕೊಟ್ಟರೆ, ಆ ಫಲಿತಾಂಶವೇ ಹೊಸದೊಂದು ಫೀಡಾಗಿ ಹೊರಬರುತ್ತದೆ. ಬ್ರೌಸರಿನಲ್ಲಿ ತೆರೆಯುವ ಪುಟವಾಗಿಯೂ ಸಿಗುತ್ತದೆ. ಕೃಷಿ ಬರೆಯುವ 30 ಬ್ಲಾಗುಗಳನ್ನು ಒಂದು ವಿಭಾಗಕ್ಕೆ ಸೇರಿಸಿ, ಅದರಲ್ಲಿ ‘ಅಡಿಕೆ’ ಬಂದಿರುವುದನ್ನಷ್ಟೇ ಆರಿಸಿ, ಒಂದೇ ಕೊಂಡಿಯನ್ನು ಬೆಳೆಗಾರರ ಬಳಗಕ್ಕೆ ಕೊಡಬಹುದು. ಶಾಲೆಯ ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಿಜ್ಞಾನ ಬರಹಗಳ ಪುಟ ತೆರೆದಿಡಬಹುದು. ಹಂಚುವಾಗ ಎರಡು ಎಚ್ಚರ: ಸರ್ವರ್ ಹೊರಗಿನಿಂದ ತೆರೆಯುವಂತಿರಬೇಕು, ಅದು ಎಚ್‌ಟಿಟಿಪಿಎಸ್ ಮೂಲಕವೇ ಆಗಬೇಕು. ಮತ್ತು ಸೆಲೆಕ್ಟರ್ ಹಾಕಿ ಎಳೆದುತಂದ ಪೂರ್ತಿ ಬರಹಗಳನ್ನು ಹೀಗೆ ಹೊರಬಿಡಬಾರದು. ಬರೆದವರು ತುಣುಕಷ್ಟೇ ಕೊಟ್ಟಿದ್ದರೆ ತುಣುಕೇ ಹೋಗಲಿ, ಓದುಗ ಅವರ ತಾಣಕ್ಕೇ ಬರಲಿ.

ಮಿನಿಫ್ಲಕ್ಸ್ ಇದರ ಹತ್ತಿರದ ಬದಲಿ. ಗೋ ಭಾಷೆಯ ಒಂದೇ ಕಡತ, ಓದುವ ಪುಟ ಇದಕ್ಕಿಂತ ಅಚ್ಚುಕಟ್ಟು. ಆದರೆ ಅದಕ್ಕೆ ಪೋಸ್ಟ್‌ಗ್ರೆಸ್ ಬೇಕೇ ಬೇಕು. ಸೋಸುವುದು, ಹಂಚುವುದು ನಿಮಗೆ ಮುಖ್ಯವಲ್ಲದಿದ್ದರೆ ಅದನ್ನೇ ಆರಿಸಿಕೊಂಡರೆ ತಪ್ಪಿಲ್ಲ.

ಕೊನೆಗೆ ಬ್ಯಾಕಪ್. ಒಪಿಎಂಎಲ್ ಕಡತ ಇಳಿಸಿಟ್ಟರೆ ಫೀಡುಗಳ ಪಟ್ಟಿ ಮಾತ್ರ ಉಳಿಯುತ್ತದೆ, ಬರಹಗಳಲ್ಲ. ಬರಹ, ನಕ್ಷತ್ರ, ಲೇಬಲ್ ಎಲ್ಲ ಇರುವುದು ‘ಡೇಟಾ’ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಕೆಳಗಿರುವ ಎಸ್‌ಕ್ಯೂಲೈಟ್ ಕಡತದಲ್ಲಿ. ಅದನ್ನು ಕಂಟೇನರ್ ಓಡುತ್ತಿರುವಾಗ ಹಾಗೇ ನಕಲಿಸಿದರೆ ಅರೆಬರೆಯಾದ ಕಡತ ಸಿಗಬಹುದು. ಕಂಟೇನರನ್ನು ಒಂದು ನಿಮಿಷ ನಿಲ್ಲಿಸಿ ಇಡೀ ‘ಡೇಟಾ’ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲಿಸಿ ಮತ್ತೆ ಓಡಿಸಿ. ವಾರಕ್ಕೊಮ್ಮೆ, ಮತ್ತು ಹೊಸ ಆವೃತ್ತಿಗೆ ಏರಿಸುವ ಮೊದಲು ಪ್ರತಿ ಸಲವೂ.